ಕದಲದ ಮೋಡ

ಅಕ್ಕತಂಗಿಯರು ಆಸ್ತಿಗೆ ಜಗಳವಾಡುತ್ತಾರೆ, ಒಡವೆಗೆ ಆಡುತ್ತಾರೆ, ಅಮ್ಮ ಯಾರನ್ನು ಹೆಚ್ಚು ಮುದ್ದು ಮಾಡಿದಳು ಎಂಬುದಕ್ಕೆ ತಾವೇ ಅಜ್ಜಿಯರಾದ ಮೇಲೂ ಆಡುತ್ತಾರೆ. ಮೋಡಕ್ಕೆ ಜಗಳವಾಡಿದವರು ಮಾತ್ರ ಇವರಿಬ್ಬರೇ ಇರಬೇಕು. ಅದೂ ಇದೆಯೋ ಇಲ್ಲವೋ ಎಂದೇ ತೀರ್ಮಾನವಾಗದ ಮೋಡಕ್ಕೆ. ಅಕ್ಕನ ತಲೆಯ ಮೇಲೆ ಮೋಡವಿದೆ ಎಂದು ತಂಗಿ ಎರಡು ಗಂಟೆ ದಾರಿಯಾಚೆಯ ಆಫೀಸಿನಲ್ಲಿ ಕುಳಿತು ಸಾಧಿಸುತ್ತಿದ್ದಳು. ತನ್ನ ತಲೆಯ ಮೇಲೇನಿದೆ ಎಂದು ತನಗೆ ಗೊತ್ತಿಲ್ಲವೇ ಎಂದು ಅಕ್ಕ ಬಿಸಿಲಿನಲ್ಲಿ ನಿಂತು ಕೇಳುತ್ತಿದ್ದಳು. ಇಬ್ಬರೂ ಓದಿದವರು. ಓದದವರಿಗೆ ಇಷ್ಟು ಹಟ ಮಾಡಲು ಪುರುಸೊತ್ತೆಲ್ಲಿರುತ್ತದೆ.

ತಂಗಿಗೆ ಮನೆಯವರು ಕರೆಯುವ ಹೆಸರು ಪುಟ್ಟಿ. ವಯಸ್ಸು ನಲವತ್ತು ಮುಟ್ಟುತ್ತಿದ್ದರೂ, ಕಿವಿಯ ಪಕ್ಕ ಬೆಳ್ಳಿಕೂದಲು ಇಣುಕಿದ್ದರೂ ಪುಟ್ಟಿಯೇ. ಸಮುದ್ರದ ಬಣ್ಣ ನೋಡುವುದು ಅವಳ ಉದ್ಯೋಗ. ಹಾಗೆಂದ ಮಾತ್ರಕ್ಕೆ ದಿನವೂ ದಡದಲ್ಲಿ ಕಾಲು ಚಾಚಿ ಕೂರುವ ಪುಣ್ಯವಂತೆ ಎಂದುಕೊಳ್ಳಬೇಡಿ. ಅವಳ ಆಫೀಸಿನಿಂದ ಸಮುದ್ರ ಕಾಣುವುದೇ ಇಲ್ಲ. ಮೂರನೇ ಮಹಡಿಯ ಆ ಕೋಣೆಗಿರುವುದು ಒಂದು ಕಿಟಕಿ, ಅದರಾಚೆ ಪಕ್ಕದ ಕಟ್ಟಡದ ಗೋಡೆ, ಗೋಡೆಗೊಂದು ಪೈಪು, ಪೈಪಿನ ಮೇಲೆ ಒಂದು ಪಾರಿವಾಳ. ಸಮುದ್ರವನ್ನು ನಿಜವಾಗಿ ನೋಡುತ್ತಿದ್ದದ್ದು ಉಪಗ್ರಹ. ಅದು ದಿನಕ್ಕೊಮ್ಮೆ, ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು, ಕರಾವಳಿಯ ಮೇಲೆ ಹಾದುಹೋಗುತ್ತ ನೀರಿನಿಂದ ಮೇಲೇಳುವ ಬೆಳಕನ್ನು ಹಿಡಿದು ಕೆಳಗೆ ಕಳಿಸುತ್ತಿತ್ತು. ಪುಟ್ಟಿ ಅದನ್ನು ಬಿಡಿಸಿ, ತೊಳೆದು, ಅಳೆದು ನಕ್ಷೆ ಮಾಡುತ್ತಿದ್ದಳು.

ಸಮುದ್ರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಸಿಗಳು ತೇಲುತ್ತಿರುತ್ತವೆ. ಪುಸ್ತಕಗಳು ಅವನ್ನು ಸಸ್ಯಪ್ಲವಕ ಎನ್ನುತ್ತವೆ, ಉಳಿದವರು ಪಾಚಿ ಎಂದು ಮುಗಿಸುತ್ತಾರೆ. ಅವುಗಳ ಮೈಯ ಹಸಿರು ನೀಲಿ ಬೆಳಕನ್ನು ನುಂಗುತ್ತದೆ. ಹಾಗಾಗಿ ನೀರಿನಿಂದ ಬರುವ ಬೆಳಕಿನಲ್ಲಿ ನೀಲಿ ಎಷ್ಟು ಕಮ್ಮಿ, ಹಸಿರು ಎಷ್ಟು ಹೆಚ್ಚು ಎಂದು ಅಳೆದರೆ ಅಲ್ಲಿ ಸಸಿಗಳೆಷ್ಟಿವೆ ಎಂಬ ಅಂದಾಜು ಸಿಗುತ್ತದೆ. ಸಮುದ್ರದ ಅನ್ನವೇ ಅವು. ಮೀನಾಗಲಿ ಸೀಗಡಿಯಾಗಲಿ ಕೊನೆಗೆ ಬದುಕುವುದು ಅವುಗಳ ಮೇಲೆಯೇ. ಆದರೆ ಅತಿಯಾದರೆ ಅಮೃತವೂ ವಿಷ. ಕೆಲವು ಸಲ ಅವು ಮಿತಿಮೀರಿ ಹಬ್ಬಿ, ಸತ್ತು, ಕೊಳೆತು, ನೀರಿನಲ್ಲಿದ್ದ ಉಸಿರನ್ನೆಲ್ಲ ಹೀರಿಬಿಡುತ್ತವೆ. ಆಮೇಲೆ ದಡಕ್ಕೆ ಸತ್ತ ಮೀನು ಬಂದು ಬೀಳುತ್ತದೆ. ಹಾಗಾಗುವ ಮೊದಲೇ ಬಂದರಿನವರಿಗೂ ಸೀಗಡಿ ಸಾಕುವವರಿಗೂ ಎಚ್ಚರಿಕೆ ಕಳಿಸುವುದು ಪುಟ್ಟಿಯ ಆಫೀಸಿನ ಕೆಲಸ.

ಪುಟ್ಟಿಯಷ್ಟು ಎಚ್ಚರದ ಹೆಣ್ಣು ಆ ಆಫೀಸಿನಲ್ಲಿ ಇನ್ನೊಬ್ಬಳಿರಲಿಲ್ಲ. ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಆಫೀಸಿನವರು ಒಂದು ಮೋಡದ ಅಂಚನ್ನು ಪಾಚಿ ಎಂದು ಸಾರಿದ್ದಕ್ಕೆ ಮೀನುಗಾರರು ದೋಣಿ ಕಟ್ಟಿಹಾಕಿ ಕೂತು, ಆಮೇಲೆ ವಿಷಯ ತಿಳಿದು ಆಫೀಸಿನ ಮೆಟ್ಟಿಲ ಮೇಲೆ ಬಂದು ಕೂತು ಬೈದು ಹೋಗಿದ್ದರು. ಆ ಬೈಗುಳದಲ್ಲಿ ಕೆಲವು ಪದಗಳು ಪುಟ್ಟಿಗೆ ಹೊಸದಾಗಿದ್ದವು. ಅದಾದ ಮೇಲೆ ಅವಳು ಕೂತು ಒಂದು ನಿಯಮ ಬರೆದಳು. ಕೆಂಪಿನಾಚೆ ಕಣ್ಣಿಗೆ ಕಾಣದ ಒಂದು ಬೆಳಕಿದೆ, ಅದರಲ್ಲಿ ನೋಡಿದರೆ ನೀರು ಕಪ್ಪಗೆ, ಮೋಡ ಬೆಳ್ಳಗೆ. ಆದ್ದರಿಂದ ಆ ಬೆಳಕಿನಲ್ಲಿ ಹೊಳೆದದ್ದೆಲ್ಲ ಮೋಡ, ಅದರ ಮೇಲೆ ಬಿಳಿ ಬಳಿದು ಮುಚ್ಚಿಬಿಡು ಎಂದು ಕಂಪ್ಯೂಟರಿಗೆ ಹೇಳಿಕೊಟ್ಟಳು. ಆಫೀಸಿನಲ್ಲಿ ಅದಕ್ಕೆ ಮುಸುಕು ಎಂದು ಹೆಸರಾಯಿತು. ಮುಸುಕು ಬಂದ ಮೇಲೆ ಆಫೀಸು ಒಂದೇ ಒಂದು ಸುಳ್ಳು ಎಚ್ಚರಿಕೆ ಕೊಟ್ಟಿರಲಿಲ್ಲ. ಮೇಲಧಿಕಾರಿ, ಎಲ್ಲರೂ ದೊಡ್ಡವರು ಎಂದು ಕರೆಯುತ್ತಿದ್ದ ಸಾಧು ಮನುಷ್ಯ, ಸಭೆ ಸಿಕ್ಕಲ್ಲೆಲ್ಲ ಅದನ್ನು ಹೊಗಳುತ್ತಿದ್ದರು.

ಮುಸುಕು ಹಾಕುವ ಚಾಳಿ ಅವಳ ಮಾತಿಗೂ ಹತ್ತಿತ್ತು. ಏನು ಕೇಳಿದರೂ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಉತ್ತರ. ಚಹಾಕ್ಕೆ ಸಕ್ಕರೆ ಬೇಕೇ ಎಂದರೆ, ಹೇಳೋಕಾಗಲ್ಲ, ಮೊದಲು ಹಾಕದೆ ಕೊಡು ನೋಡೋಣ ಎನ್ನುವವಳು. ಒಂದು ಜೊತೆ ಚಪ್ಪಲಿ ಕೊಳ್ಳಲು ಹೋಗಿ ಅಂಗಡಿಯವನಿಂದ, ಅಮ್ಮಾ ನಾವು ಊಟಕ್ಕೆ ಬಾಗಿಲು ಹಾಕ್ತೀವಿ ಎಂದು ಹೇಳಿಸಿಕೊಂಡವಳು.

ಅಕ್ಕ ಇದಕ್ಕೆ ತದ್ವಿರುದ್ಧ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಹಾಗೆ. ಅಕ್ಕ ಮೊದಲು ತೀರ್ಮಾನ ಮಾಡಿ ಆಮೇಲೆ ಅಭಿಪ್ರಾಯ ಕೇಳುವವಳು. ಮದುವೆಯನ್ನೂ ಹಾಗೇ ಮಾಡಿಕೊಂಡಳು. ಹುಡುಗನನ್ನು ಮನೆಗೆ ಕರೆತಂದು, ನಾನು ಇವರನ್ನ ಮದುವೆ ಆಗ್ತಿದೀನಿ, ನಿಮಗೆ ಹೇಗನ್ಸುತ್ತೆ ಎಂದು ಕೇಳಿದ್ದಳು. ಹೇಗನ್ನಿಸಿತು ಎಂದು ಯಾರಾದರೂ ಹೇಳುವ ಮೊದಲೇ ಅವನಿಗೆ ಊಟಕ್ಕೆ ಬಡಿಸಿಯೂ ಆಗಿತ್ತು. ಆ ಹುಡುಗನೇ ಈಗಿನ ಭಾವ. ಹಾಲಿನ ಲಾರಿ ಓಡಿಸಿ ನಿವೃತ್ತನಾದ, ಜಗಳ ಕಂಡರೆ ಮೈಲಿ ದೂರ ಓಡುವ ಮನುಷ್ಯ. ಹೆಂಡತಿ ಒಂದು ಹೇಳಿ ನಾದಿನಿ ಇನ್ನೊಂದು ಹೇಳಿದರೆ, ಇಬ್ಬರದ್ದೂ ಸರಿ ಎನ್ನುವುದು ಅವನ ಖಾಯಂ ತೀರ್ಪು.

ಅಕ್ಕ ಬೇರೆಯವರ ಸೀಗಡಿ ಹ್ಯಾಚರಿಯಲ್ಲಿ ಅರ್ಧ ಆಯುಷ್ಯ ದುಡಿದು, ಆ ವರ್ಷ ತನ್ನದೇ ಒಂದನ್ನು ಶುರುಮಾಡಿದ್ದಳು. ಹ್ಯಾಚರಿ ಎಂದರೆ ಸೀಗಡಿಯ ಬಾಣಂತಿಕೋಣೆ. ತಾಯಿ ಸೀಗಡಿ ಮೊಟ್ಟೆಯಿಡುತ್ತದೆ, ಮೊಟ್ಟೆಯೊಡೆದು ಧೂಳಿನಷ್ಟು ಸಣ್ಣ ಮರಿಗಳಾಗುತ್ತವೆ, ಅವನ್ನು ತೊಟ್ಟಿಯಲ್ಲಿ ಸಾಕಿ ಕೆರೆ ಹೊಂಡಗಳಲ್ಲಿ ಬೆಳೆಸುವವರಿಗೆ ಕೊಡುವುದು. ಅಕ್ಕನ ಶೆಡ್ಡಿನಲ್ಲಿ ನಾಲ್ಕು ತೊಟ್ಟಿ, ನಾಲ್ಕರ ತುಂಬ ಅವಳ ಮೊದಲ ಮರಿಗಳು. ಒಂದು ಪೈಪು ಅಲೆಗಳನ್ನು ದಾಟಿ ಸಮುದ್ರದೊಳಕ್ಕೆ ಹೋಗಿತ್ತು. ಅದರಿಂದ ನೀರೆತ್ತಿ, ಮರಳಿನಲ್ಲಿ ಸೋಸಿ, ತೊಟ್ಟಿಗಳ ಹಳೆ ನೀರನ್ನು ಬದಲಿಸುತ್ತಿರಬೇಕು. ಬದಲಿಸದಿದ್ದರೆ ಮರಿಗಳು ತಮ್ಮ ಕೊಳೆಯಲ್ಲೇ ಸಾಯುತ್ತವೆ. ಕೆಟ್ಟ ನೀರು ತುಂಬಿದರೆ ಇನ್ನೂ ಬೇಗ ಸಾಯುತ್ತವೆ.

ಹ್ಯಾಚರಿ ಶುರುವಾದ ದಿನ ಅಕ್ಕ ದಡದಿಂದ ಒಂದು ಬಕೆಟ್ ನೀರು ಮೊಗೆದು, ಬೆಳಕಿಗೆ ಹಿಡಿದು, ಚೆನ್ನಾಗಿದೆ ಎಂದಿದ್ದಳು. ಪುಟ್ಟಿ ನಕ್ಕಿದ್ದಳು. ಬಕೆಟ್ಟಿನ ನೀರು ಬಕೆಟ್ಟಿನ ಕಥೆ ಹೇಳುತ್ತದೆ, ನಿನ್ನ ಪೈಪಿನ ಬಾಯಿ ಇರುವುದು ಅಷ್ಟು ದೂರದಲ್ಲಿ, ದಡದ ಕೆಸರಿಗೂ ಅಲ್ಲಿನ ನೀರಿಗೂ ಸಂಬಂಧವಿಲ್ಲ, ಬಕೆಟ್ ನಂಬಬೇಡ, ನನ್ನನ್ನು ಕೇಳು ಎಂದಿದ್ದಳು. ಅವಳ ಜೀವಮಾನದಲ್ಲಿ ಅಷ್ಟು ಖಚಿತವಾಗಿ ಹೇಳಿದ ಮಾತು ಅದೊಂದೇ ಇರಬೇಕು. ಅವತ್ತಿನಿಂದ ದಿನವೂ ಫೋನು, ನೀರು ಹೇಗಿದೆ ಕಣೇ ಎಂಬ ಪ್ರಶ್ನೆ. ಅಕ್ಕ ಅವಳಿಗೆ ಆಕಾಶವಾಣಿ ಎಂದು ಹೊಸ ಹೆಸರನ್ನೂ ಇಟ್ಟಳು. ಪುಟ್ಟಿಗೆ ಆ ಹೆಸರು ಒಳಗೊಳಗೇ ಇಷ್ಟವಾಗಿತ್ತು.

ಹೀಗಿರುವಾಗ ಒಂದು ಶುಕ್ರವಾರ ಚಿತ್ರ ಬಂತು, ಅದರಲ್ಲಿ ಅಕ್ಕನ ಹ್ಯಾಚರಿಯ ಮುಂದಿನ ಸಮುದ್ರದ ಮೇಲೊಂದು ಬಿಳಿ ತೇಪೆ. ಪುಟ್ಟಿ ಫೋನಿನಲ್ಲಿ ಮೋಡ ಇದೆ, ಏನೂ ಕಾಣುತ್ತಿಲ್ಲ, ನಾಳೆ ನೋಡೋಣ ಎಂದಳು. ಅಕ್ಕ ಸರಿ ಎಂದಳು. ಶನಿವಾರವೂ ಬಿಳಿ. ಅಕ್ಕ ಹೂಂ ಎಂದಳು. ಉಪಗ್ರಹಕ್ಕೆ ರಜೆಯಿಲ್ಲವಾದ್ದರಿಂದ ಭಾನುವಾರ ಪುಟ್ಟಿ ಮನೆಯಿಂದಲೇ ನೋಡಿ ಮತ್ತೆ ಮೋಡ ಎಂದಾಗ ಅಕ್ಕನ ಪಿತ್ತ ನೆತ್ತಿಗೇರಿತು.

"ಯಾವ ಮೋಡ ಕಣೇ? ಇಲ್ಲಿ ಬಿಸಿಲು ತಲೆ ಸೀಳ್ತಾ ಇದೆ."

"ತೆಳು ಮೋಡ ಇರುತ್ತೆ ಅಕ್ಕಾ. ಕೆಳಗಿಂದ ಕಾಣಲ್ಲ."

"ಮತ್ತೆ ನೆರಳು ಬೀಳಬೇಕಲ್ಲ?"

"ತೆಳು ಮೋಡಕ್ಕೆ ನೆರಳು ಬೀಳಲ್ಲ."

"ಕಣ್ಣಿಗೆ ಕಾಣಲ್ಲ, ನೆರಳೂ ಬೀಳಲ್ಲ. ಅದು ಮೋಡಾನೋ ದೆವ್ವಾನೋ?"

ಪುಟ್ಟಿಗೆ ರೇಗಿತು. ಅವಳ ಮುಸುಕನ್ನು ಯಾರಾದರೂ ಅನುಮಾನಿಸಿದರೆ ಅವಳ ಮಗುವನ್ನು ಅನುಮಾನಿಸಿದ ಹಾಗೆ. ಸೋಮವಾರ ಅವಳ ಮಾತಿನಲ್ಲಿ ತೆಳು ಮೋಡದ ಜಾಗಕ್ಕೆ ಆಕಾಶದ ಧೂಳು ಬಂತು. ಮಂಗಳವಾರ ಧೂಳು ಹೋಗಿ ನೀರಿನ ಮೇಲೆ ಸೂರ್ಯನ ಹೊಳಪು ಬಂತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಕೊನೆಯ ಪಕ್ಷ ಒಂದೇ ಮೊಲ ಹಿಡಿದಿರುತ್ತಾರೆ, ಪುಟ್ಟಿ ದಿನಕ್ಕೊಂದು ಹಿಡಿದಳು. ಭಾವ ಮಧ್ಯೆ ಬಂದು, ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಶೆಡ್ಡಿನ ಮೇಲಿನ ಆಕಾಶದ ಫೋಟೋ ಹಾಕಿದ. ತೊಳೆದಿಟ್ಟ ಹಾಗೆ ನೀಲಿ. ಪುಟ್ಟಿ ಅದರ ಕೆಳಗೆ ತನ್ನ ನಕ್ಷೆ ಹಾಕಿದಳು, ಅದೇ ಜಾಗದಲ್ಲಿ ದಪ್ಪ ಬಿಳಿ. ಭಾವ ಎರಡನ್ನೂ ನೋಡಿ, ಎರಡೂ ಚೆನ್ನಾಗಿ ಬಂದಿದೆ ಎಂದು ಬರೆದ.

ಮಂಗಳವಾರದ ಫೋನಿನ ಕೊನೆಗೆ ಅಕ್ಕ ಇನ್ನು ಮೇಲೆ ಮೋಡದ ಸುದ್ದಿ ಹೇಳುವುದಕ್ಕೆ ತನಗೆ ಫೋನ್ ಮಾಡಬೇಡ ಎಂದು ಹೇಳಿ ಇಟ್ಟಳು. ಪುಟ್ಟಿ ಆ ಸಂಜೆಯೆಲ್ಲ ಪಾತ್ರೆಗಳನ್ನು ಸದ್ದು ಮಾಡಿಕೊಂಡು ತೊಳೆದಳು. ಅಕ್ಕ ಎಂದೂ ಹೀಗೇ, ತಾನು ಬೇಕಾದ್ದು ಮಾಡಿ ಆಗಿರುತ್ತದೆ, ಆಮೇಲೆ ಬೈಯುವುದಕ್ಕೆ ಒಬ್ಬರು ಬೇಕು, ಅದಕ್ಕೆ ತಂಗಿ. ಪಂಪು ಯಾವಾಗಲೋ ಓಡಿಸಿಯಾಗಿದೆ, ಈಗ ನೆಪ ಹುಡುಕುತ್ತಿದ್ದಾಳೆ ಎಂದು ಅವಳಿಗೆ ಖಾತ್ರಿಯಾಗಿತ್ತು.

ಬುಧವಾರ ಅವಳು ಆಫೀಸಿಗೆ ಹೋದದ್ದು ಒಂದೇ ಉದ್ದೇಶದಿಂದ. ಅಕ್ಕನ ಬಾಯಿ ಮುಚ್ಚಿಸಬೇಕು. ಮುಸುಕನ್ನು ತೆಗೆದರೆ ಅದರ ಕೆಳಗೆ ಉಪಗ್ರಹ ಕಂಡ ಅಸಲು ಚಿತ್ರ ಇರುತ್ತದೆ, ಫೋಟೋದಂಥದ್ದು, ಮೋಡ ಇದ್ದರೆ ಮೋಡವಾಗಿಯೇ ಕಾಣುವಂಥದ್ದು. ನಕ್ಷೆಯಲ್ಲಿ ಬಿಳಿ ಬಳಿದಿದ್ದೀಯ ಎಂದು ಅಕ್ಕ ಅನ್ನಬಹುದು, ಫೋಟೋಗೆ ಏನನ್ನುತ್ತಾಳೆ. ಐದು ದಿನದ ಚಿತ್ರಗಳನ್ನು ಮುಸುಕು ತೆಗೆದು ಮಾಡಿಕೊಡು ಎಂದು ಕಂಪ್ಯೂಟರಿಗೆ ಹೇಳಿ, ಅದು ಗೊರಗುಡುತ್ತಿರುವಾಗಲೇ ಪುಟ್ಟಿ ಮನೆಯ ಗುಂಪಿಗೆ ಹಾಕಬೇಕಾದ ಸಾಲನ್ನು ಫೋನಿನಲ್ಲಿ ಬರೆದಿಟ್ಟುಕೊಂಡಳು. "ಇದು ನಿನ್ನ ತಲೆ ಮೇಲಿರೋದು. ಕಣ್ಣಿನ ಡಾಕ್ಟರ ನಂಬರ್ ಬೇಕಿದ್ದರೆ ಕೇಳು." ಒಂದು ಸಲ ಓದಿ ನೋಡಿ, ಚೆನ್ನಾಗಿದೆ ಎನ್ನಿಸಿ, ಚಿತ್ರ ಬರುವುದನ್ನೇ ಕಾದಳು.

ಚಿತ್ರ ಬಂತು. ಮೋಡದ ಸುಳಿವೇ ಇರಲಿಲ್ಲ.

ಹ್ಯಾಚರಿಯ ಹತ್ತಿರದ ಹೊಳೆಬಾಯಿಯ ಮರಳುದಿಬ್ಬಗಳನ್ನು ಎಣಿಸಬಹುದಾದಷ್ಟು ಶುಭ್ರವಾದ ಆಕಾಶ. ಅದರ ಕೆಳಗೆ, ಬಿಳಿ ತೇಪೆ ಇದ್ದ ಜಾಗದಲ್ಲಿ ಕರಾರುವಾಕ್ಕಾಗಿ, ಸಮುದ್ರ ಕಂದುಹಸಿರಾಗಿ ಕೆನೆಗಟ್ಟಿತ್ತು. ಹೊಳೆಬಾಯಿಯಿಂದ ಹೊರಟು ದಡದ ಬಳುಕನ್ನೇ ಹಿಡಿದು ದಕ್ಷಿಣಕ್ಕೆ ಎಳೆದುಕೊಂಡು ಹೋಗಿತ್ತು. ಪುಟ್ಟಿ ಹಿಂದಿನ ದಿನದ್ದು ತೆಗೆದಳು, ಅದರ ಹಿಂದಿನ ದಿನದ್ದು ತೆಗೆದಳು. ಎಲ್ಲದರಲ್ಲೂ ಅದೇ ಕೆನೆ, ಮೊದಲು ಅಂಗೈಯಗಲ, ಆಮೇಲೆ ಮೊಳದುದ್ದ. ಗಾಳಿ ಬೀಸುವ ಜಾಗದಲ್ಲಿ ಐದು ದಿನ ಕದಲದೆ ಕೂರುವ ಮೋಡ ಎಲ್ಲಾದರೂ ಉಂಟೇ ಎಂದು ಅವಳು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ದಡದ ಆಕಾರವನ್ನೇ ಕತ್ತರಿಸಿಕೊಂಡು ಕೂತ ಮೋಡ ಯಾವುದು ಎಂದೂ ಕೇಳಿಕೊಂಡಿರಲಿಲ್ಲ. ತಾನೇ ಬರೆದ ನಿಯಮ, ತಾನೇ ಯಾಕೆ ಕೇಳಬೇಕು.

ಆದದ್ದು ಇಷ್ಟು. ಗಿಡಮರಗಳ ಎಲೆಗಳು ಕೆಂಪಿನಾಚೆಯ ಆ ಕಾಣದ ಬೆಳಕಿನಲ್ಲಿ ಬೆಳ್ಳಗೆ ಹೊಳೆಯುತ್ತವೆ. ಇದು ಪುಟ್ಟಿಗೆ ಗೊತ್ತಿಲ್ಲದ ಸಂಗತಿಯಲ್ಲ, ಹೊಸಬರಿಗೆ ಅವಳೇ ಪಾಠ ಮಾಡುತ್ತಿದ್ದಳು. ನೀರಿನ ಸಸಿಗಳೂ ಸಸಿಗಳೇ ತಾನೇ. ಅವು ಸ್ವಲ್ಪವಿದ್ದಾಗ ನೀರಿನ ಕಪ್ಪು ಅವನ್ನು ಮುಳುಗಿಸುತ್ತದೆ, ಮೇಲೆ ಬಂದು ಕೆನೆಗಟ್ಟಿದಾಗ ಅಲ್ಲೊಂದು ಹುಲ್ಲುಗಾವಲು ಇದ್ದಂತೆ ಹೊಳೆಯುತ್ತವೆ. ಹೊಳೆದದ್ದೆಲ್ಲ ಮೋಡ ಎಂದು ಕಲಿತಿದ್ದ ಕಂಪ್ಯೂಟರು ಭಕ್ತಿಯಿಂದ ಬಿಳಿ ಬಳಿಯಿತು. ಪಾಚಿ ತುಸು ಹೆಚ್ಚಾದರೆ ಕಂಡುಹಿಡಿಯುತ್ತಿದ್ದ ಆಫೀಸು, ತೀರಾ ಹೆಚ್ಚಾದರೆ ಮುಚ್ಚಿಹಾಕುತ್ತಿತ್ತು. ಸುಳ್ಳು ಎಚ್ಚರಿಕೆ ಒಂದೂ ಇಲ್ಲ ಎಂದು ಹೆಮ್ಮೆಪಟ್ಟುಕೊಂಡ ಅಷ್ಟು ವರ್ಷಗಳಲ್ಲಿ ನಿಜವಾದ ಎಚ್ಚರಿಕೆಗಳು ಎಷ್ಟು ಆ ಬಿಳಿಯ ಕೆಳಗೆ ಉಳಿದವೋ. ಪುಟ್ಟಿ ಫೋನಿನಲ್ಲಿ ಬರೆದಿಟ್ಟಿದ್ದ ಡಾಕ್ಟರ ಸಾಲನ್ನು ಅಳಿಸಿ, ಅಕ್ಕನ ನಂಬರು ಒತ್ತಿದಳು.

ಅಕ್ಕ ಫೋನೆತ್ತಿದಳು.

"ಅಕ್ಕಾ, ಪಂಪ್ ನಿಲ್ಲಿಸು. ಅದು ಮೋಡ ಅಲ್ಲ, ಪಾಚಿ. ನಿನ್ನ ಪೈಪಿನ ಬಾಯಿ ಅದರ ನಟ್ಟನಡುವೆ ಇದೆ. ತಪ್ಪು ನಂದೇ. ಎಷ್ಟು ನೀರು ಎತ್ತಿದೀಯ ಇಲ್ಲಿವರೆಗೆ?"

"ಎತ್ತಿಲ್ಲ."

"ಅಂದ್ರೆ?"

"ಶುಕ್ರವಾರದಿಂದ ಒಂದು ತೊಟ್ಟು ಎತ್ತಿಲ್ಲ ಕಣೇ. ನೀನು ಗೊತ್ತಿಲ್ಲ ಅಂದ್ಯಲ್ಲ."

ಆಚೆ ಕಡೆಯಿಂದ ತೊಟ್ಟಿಗಳಿಗೆ ಗಾಳಿಯೂದುವ ಯಂತ್ರದ ಸದ್ದು ಕೇಳುತ್ತಿತ್ತು. ಅಕ್ಕನ ದನಿ ಈ ಸಲ ಬೈಗುಳದ ದನಿಯಾಗಿರಲಿಲ್ಲ.

"ದಿನಾ ಬೆಳಗಾದ್ರೆ ನಿನ್ನ ಜೊತೆ ಮೋಡಕ್ಕೆ ಜಗಳ ಆಡಿದ್ದು ಯಾಕೆ ಅಂದ್ಕೊಂಡೆ? ಮೋಡ ಕಟ್ಕೊಂಡು ನನಗೇನಾಗ್ಬೇಕು. ಎತ್ತು ಅಂತಾನೋ ಬೇಡ ಅಂತಾನೋ ನಿನ್ನ ಬಾಯಿಂದ ಒಂದು ಮಾತು ಬಂದ್ರೆ ಸಾಕಿತ್ತು. ನಾಲ್ಕನೇ ತೊಟ್ಟಿ ನಿನ್ನೆ ಹೋಯ್ತು. ಹಳೇ ನೀರಲ್ಲೇ ಹೋಯ್ತು. ಉಳಿದಿದ್ದಕ್ಕೂ ನಾಳೆವರೆಗೆ ಅಷ್ಟೇ ಟೈಮು."

ತೀರ್ಮಾನ ಮಾಡಿ ಆಮೇಲೆ ಕೇಳುವ ಅಕ್ಕ, ಗಂಡನನ್ನೂ ಹಾಗೇ ಆರಿಸಿದ ಅಕ್ಕ, ಈ ಐದು ದಿನ ಪಂಪಿನ ಪಕ್ಕ ಕೈಕಟ್ಟಿ ನಿಂತು ತಂಗಿಯ ಒಂದು ಮಾತಿಗೆ ಕಾದಿದ್ದಳು. ತಂಗಿ ದಿನಕ್ಕೊಂದು ನೆಪ ಹೇಳಿದ್ದಳು. ಅವಳೇನಾದರೂ ಚೆನ್ನಾಗಿದೆ, ಎತ್ತು ಎಂದುಬಿಟ್ಟಿದ್ದರೆ ನಾಲ್ಕೂ ತೊಟ್ಟಿ ಒಂದೇ ದಿನ ಸಾಯುತ್ತಿದ್ದವು ಎಂಬುದು ನಿಜ. ಹೇಳೋಕಾಗಲ್ಲ ಎಂದದ್ದರಿಂದ ಒಂದು ತೊಟ್ಟಿ ಸತ್ತದ್ದೂ ನಿಜ. ಇದರಲ್ಲಿ ಪುಣ್ಯ ಎಷ್ಟು ಪಾಪ ಎಷ್ಟು ಎಂದು ಯಾರು ಲೆಕ್ಕ ಹಾಕಬೇಕೋ ಅವರು ಹಾಕಿಕೊಳ್ಳಲಿ. ಪುಟ್ಟಿಗೆ ಆಗ ಅಳು ಮಾತ್ರ ಬಂತು, ಅದನ್ನು ನುಂಗಿಕೊಂಡಳು.

"ಈಗೇನು ಮಾಡ್ಲಿ ಹೇಳು," ಎಂದಳು ಅಕ್ಕ.

ಸ್ವಲ್ಪ ತಾಳು ಎಂದು ಪುಟ್ಟಿ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಐದು ದಿನದ ಚಿತ್ರಗಳನ್ನು ಒಂದರ ಪಕ್ಕ ಒಂದು ಹರಡಿದಳು. ಕೆನೆ ದಿನದಿನಕ್ಕೂ ದಕ್ಷಿಣಕ್ಕೇ ಬೆಳೆದಿತ್ತು. ಉತ್ತರದಲ್ಲಿ ದೀಪಸ್ತಂಭವಿದ್ದ ಬಂಡೆ ಸಮುದ್ರದೊಳಕ್ಕೆ ಮೂಗು ಚಾಚಿತ್ತು, ಅದರಾಚೆಗೆ ಕೆನೆ ಒಂದು ದಿನವೂ ಕಾಲಿಟ್ಟಿರಲಿಲ್ಲ. ಬಂಡೆಯಾಚೆ ನೀರು ನೀಲಿಯಾಗಿ ಕಾಣುತ್ತಿತ್ತು, ಅಲ್ಲೊಂದು ದೋಣಿಕಟ್ಟೆಯೂ ಇತ್ತು. ಆದರೆ ದಡದ ಹತ್ತಿರದ ನೀರನ್ನು ಆಕಾಶದಿಂದ ನೋಡಿ ನಂಬುವುದು ಅಪಾಯ, ತಳದ ಮರಳೂ ಕೆಸರೂ ಬಣ್ಣ ಬದಲಿಸಿ ತೋರಿಸುತ್ತವೆ. ನಿಯಮದ ಪ್ರಕಾರ ದೋಣಿ ಕಳಿಸಿ, ಉಪಗ್ರಹ ಹಾದುಹೋಗುವ ಹೊತ್ತಿಗೇ ಅಲ್ಲಿ ನೀರು ತುಂಬಿಸಿ, ತಂದು ಸೋಸಿ, ಹಸಿರನ್ನು ಅಳೆದು, ಎರಡನ್ನೂ ಹೋಲಿಸಿ ನೋಡಿದ ಮೇಲೆ ಮಾತಾಡಬೇಕು. ಅದಕ್ಕೆ ಎರಡು ದಿನ ಬೇಕು. ಮರಿಗಳಿಗೆ ಎರಡು ದಿನ ಇರಲಿಲ್ಲ.

"ದೀಪಸ್ತಂಭದ ಆಚೆ ದೋಣಿಕಟ್ಟೆ ಇದೆಯಲ್ಲ, ಅಲ್ಲಿಂದ ನೀರು ತರಿಸು. ಕಟ್ಟೆಯ ತುದಿಗೆ ಹೋಗಿ ಆಳದಿಂದ ಎತ್ತಬೇಕು. ಈಗಲೇ ಹೊರಡಲಿ."

"ಅಲ್ಲಿ ಚೆನ್ನಾಗಿದೆಯಾ?"

"ಚೆನ್ನಾಗಿದೆ."

"ಖಂಡಿತಾನಾ ಪುಟ್ಟಿ?"

"ಖಂಡಿತ."

ಪುಟ್ಟಿಗೆ ಖಂಡಿತವಿರಲಿಲ್ಲ. ಹತ್ತಕ್ಕೆ ಏಳು ಎಂದು ಅವಳ ಮನಸ್ಸು ಹೇಳುತ್ತಿತ್ತು. ಉಳಿದ ಮೂರರಲ್ಲಿ ಅಕ್ಕನ ಮೂರು ತೊಟ್ಟಿಗಳೂ ಮುಳುಗಿಹೋಗುವಷ್ಟು ಜಾಗವಿತ್ತು.

ಅಷ್ಟಕ್ಕೇ ಕೆಲಸ ಮುಗಿಯಲಿಲ್ಲ. ಆ ಕರಾವಳಿಯಲ್ಲಿ ಪೈಪು ಬಿಟ್ಟುಕೊಂಡವಳು ಅಕ್ಕ ಒಬ್ಬಳೇ ಅಲ್ಲ. ಪುಟ್ಟಿ ಎಲ್ಲರಿಗೂ ಹೋಗಬೇಕಾದ ಎಚ್ಚರಿಕೆಯನ್ನು ಟೈಪು ಮಾಡಿ ದೊಡ್ಡವರ ಕೋಣೆಗೆ ಹೋದಳು. ಅವರು ಚಿತ್ರ ನೋಡಿದರು, ಎಚ್ಚರಿಕೆ ಓದಿದರು, ಕನ್ನಡಕ ತೆಗೆದು ಒರೆಸಿದರು. ನೀರು ತಂದು ನೋಡದೆ ಇದುವರೆಗೆ ನಾವು ಯಾವತ್ತೂ ಕಳಿಸಿಲ್ಲವಲ್ಲ ಎಂದರು. ಹೌದು, ಇದುವರೆಗೆ ಎಷ್ಟನ್ನು ಕಳಿಸಿಲ್ಲ ಎಂದು ಗೊತ್ತಾಗಿದ್ದೂ ಇವತ್ತೇ ಎಂದಳು ಪುಟ್ಟಿ. ತಪ್ಪಾದರೆ ಮತ್ತೆ ಮೆಟ್ಟಿಲ ಮೇಲೆ ಬಂದು ಕೂರುತ್ತಾರೆ ಎಂದು ಅವರು ಮೆತ್ತಗೆ ನೆನಪಿಸಿದರು. ಕೂತರೆ ನಾನೇ ಹೋಗಿ ಅವರ ಪಕ್ಕ ಕೂರುತ್ತೇನೆ ಎಂದಳು ಅವಳು. ಚಪ್ಪಲಿ ಆರಿಸಲಾಗದವಳ ಬಾಯಲ್ಲಿ ಇಂಥ ಮಾತು ಕೇಳಿ ದೊಡ್ಡವರು ಬೆಪ್ಪಾಗಿ ಸಹಿ ಹಾಕಿದರು. ಆಮೇಲೆ, ನಾಳೆ ಬೆಳಗ್ಗೆ ದೋಣಿಯನ್ನೂ ಕಳಿಸೋಣ ಎಂದು ತಮ್ಮ ಸಮಾಧಾನಕ್ಕೆ ಸೇರಿಸಿದರು.

ಪುಟ್ಟಿ ಸಿಕ್ಕಿದ ಬಸ್ಸು ಹತ್ತಿ ಹೊರಟಳು. ಹ್ಯಾಚರಿಗೆ ಬಂದಾಗ ಭಾವ ಕುಡಿಯುವ ನೀರಿನ ಟ್ಯಾಂಕರೊಂದನ್ನು ಎಲ್ಲಿಂದಲೋ ಹೊಂದಿಸಿ, ಉಪ್ಪುನೀರು ತುಂಬಿಸಿದರೆ ಟ್ಯಾಂಕು ತುಕ್ಕು ಹಿಡಿಯುತ್ತದೆ ಎಂದು ಹಟ ಹಿಡಿದ ಅದರ ಮಾಲೀಕನಿಗೂ ನಿಮ್ಮದೂ ಸರಿ ಎಂದು ಹೇಳಿ ಒಪ್ಪಿಸಿ, ಎರಡನೇ ಸಲದ ನೀರನ್ನು ತಂದು ನಿಲ್ಲಿಸುತ್ತಿದ್ದ. ನಾಲ್ಕನೇ ತೊಟ್ಟಿ ಖಾಲಿಯಾಗಿತ್ತು, ಯಾರೋ ಅದನ್ನು ಉಜ್ಜಿ ತೊಳೆದು ಬಿಟ್ಟಿದ್ದರು. ಪುಟ್ಟಿ ಅದರ ಕಡೆ ನೋಡಲಾರದೆ ನೇರ ಹೋಗಿ ಸೋಸುವ ಬಟ್ಟೆಯ ಒಂದು ತುದಿ ಹಿಡಿದಳು. ಇನ್ನೊಂದು ತುದಿ ಅಕ್ಕನ ಕೈಯಲ್ಲಿತ್ತು. ಬಟ್ಟೆ ಸಡಿಲ ಬಿಡಬೇಡ, ಕಾಲು ಜಾರುತ್ತದೆ, ಹಿಂದೆ ನೋಡು ಎಂಬಷ್ಟು ಬಿಟ್ಟರೆ ಇಬ್ಬರಲ್ಲೂ ಬೇರೆ ಮಾತಿರಲಿಲ್ಲ. ಹಳೆ ನೀರು ಬಸಿದು ಹೊಸ ನೀರು ತುಂಬಿ ಮುಗಿಯುವಾಗ ಇಬ್ಬರ ಬಟ್ಟೆಯೂ ಸೊಂಟದವರೆಗೆ ಒದ್ದೆಯಾಗಿತ್ತು. ಹೊಸ ನೀರು ಒಗ್ಗಿತೋ ಇಲ್ಲವೋ ಎಂದು ತಿಳಿಯುವುದು ಬೆಳಗ್ಗೆಯೇ ಎಂದು ಅಕ್ಕ ಹೇಳಿದಳು. ಊಟ ಯಾರಿಗೂ ಸೇರಲಿಲ್ಲ, ಭಾವ ಒಬ್ಬನೇ ಎರಡು ಸಲ ಬಡಿಸಿಕೊಂಡ.

ಬೆಳಗ್ಗೆ ಪುಟ್ಟಿ ಎದ್ದು ಬರುವಾಗ ಅಕ್ಕ ಆಗಲೇ ಶೆಡ್ಡಿನಲ್ಲಿದ್ದಳು. ಮರಿಗಳು ಬದುಕಿವೆಯೇ ಎಂದು ನೋಡಲು ಹ್ಯಾಚರಿಯವರದ್ದೊಂದು ಸುಲಭದ ಪದ್ಧತಿಯಿದೆ. ಗಾಜಿನ ಬೀಕರಿನಲ್ಲಿ ತೊಟ್ಟಿಯ ನೀರು ಮೊಗೆದು ಕಿಟಕಿಯ ಬೆಳಕಿಗೆ ಹಿಡಿಯುವುದು. ಜೀವವಿದ್ದ ಮರಿ ಬೆಳಕಿನ ಕಡೆ ಈಜುತ್ತದೆ, ಇಲ್ಲದ್ದು ತಳಕ್ಕೆ ಹೋಗುತ್ತದೆ. ಇಷ್ಟು ವರ್ಷ ಬೇರೆಯವರ ತೊಟ್ಟಿಗಳಲ್ಲಿ ಲೆಕ್ಕವಿಲ್ಲದಷ್ಟು ಸಲ ನೋಡಿದ್ದ ಅಕ್ಕ, ಮೊದಲ ತೊಟ್ಟಿಯಿಂದ ಬೀಕರು ತುಂಬಿಸಿದವಳು ಅದನ್ನು ಎತ್ತಿ ಹಿಡಿಯಲೇ ಇಲ್ಲ. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೈ ಮಾತ್ರ ಚಾಚಿದಳು.

"ನೀನೇ ನೋಡು. ನನ್ನ ಕೈಲಾಗಲ್ಲ."

ಪುಟ್ಟಿ ಬೀಕರನ್ನು ಕಿಟಕಿಗೆ ಒಯ್ದಳು. ಮೊದಲು ಏನೂ ಕಾಣಲಿಲ್ಲ. ಒಂದು ಚುಕ್ಕಿಯಲ್ಲಿ ಇಡೀ ಕೊಲ್ಲಿಯನ್ನು ನೋಡಿ ಅಭ್ಯಾಸವಾದ ಕಣ್ಣು, ಒಂದು ಲೋಟದಲ್ಲಿ ಚುಕ್ಕಿಗಳನ್ನು ಹುಡುಕಬೇಕಿತ್ತು. ಆಮೇಲೆ ಸಣ್ಣ ಧೂಳಿನಂಥವು ಕಂಡವು, ಸುತ್ತುತ್ತಿದ್ದವು. ಅವು ಈಜುತ್ತಿದ್ದವೋ ಮೊಗೆದ ನೀರಿನ ಸುಳಿಗೆ ತಿರುಗುತ್ತಿದ್ದವೋ ತಿಳಿಯಲಿಲ್ಲ. ನೀರು ನಿಲ್ಲಲಿ ಎಂದು ಅವಳು ಬೀಕರನ್ನು ಅಲುಗಿಸದೆ ಹಿಡಿದಳು. ಅಕ್ಕ ಗೋಡೆಗೆ ಮುಖ ಮಾಡಿಕೊಂಡೇ ಏನಾಯ್ತೇ ಎಂದು ಕೇಳಿದಳು. ನೀರು ನಿಂತಿತು. ಕೆಲವು ಚುಕ್ಕಿ ನಿಧಾನ ಇಳಿದು ತಳ ಮುಟ್ಟಿದವು. ಉಳಿದವು ಒಂದೊಂದಾಗಿ, ಆಮೇಲೆ ಗುಂಪುಗುಂಪಾಗಿ, ತಳ್ಳಾಡಿಕೊಂಡು ಕಿಟಕಿಯ ಕಡೆಯ ಗಾಜಿಗೆ ಬಂದು ಮುತ್ತಿಕೊಂಡವು.

"ಬರ್ತಾ ಇವೆ ಅಕ್ಕಾ. ಬೆಳಕಿಗೆ ಬರ್ತಾ ಇವೆ."

"ತಳದಲ್ಲಿ?"

"ಸ್ವಲ್ಪ ಬಿದ್ದಿವೆ. ಬಂದಿರೋದೇ ಜಾಸ್ತಿ. ತುಂಬಾ ಜಾಸ್ತಿ."

ಅಕ್ಕ ತಿರುಗಿ ಬಂದು ಬೀಕರನ್ನು ಕಸಿದುಕೊಂಡು ನೋಡಿದಳು. ನೋಡುತ್ತ ನೋಡುತ್ತ ಅವಳ ಮೂಗು ಕೆಂಪಾಯಿತು. ಬಕೆಟ್ಟೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತು, ಒದ್ದೆ ಕೈಯಿಂದಲೇ ಕಣ್ಣೊರೆಸಿಕೊಂಡು, ಉಪ್ಪು ಹತ್ತಿ ಇನ್ನಷ್ಟು ಉರಿಯಿತು ಎಂದು ಯಾರನ್ನೋ ಬೈದಳು. ಪುಟ್ಟಿ ಅವಳ ಪಕ್ಕ ನೆಲದಲ್ಲೇ ಕೂತಳು. ಗಾಳಿಯೂದುವ ಯಂತ್ರ ಗೊರಗುಡುತ್ತಿತ್ತು. ಹೇಳದಿದ್ದರೆ ಜೀವಕ್ಕೆ ಸಮಾಧಾನವಿಲ್ಲ ಎಂದು ಅವಳು ಕೊನೆಗೆ ಬಾಯಿಬಿಟ್ಟಳು.

"ನಿನ್ನೆ ಖಂಡಿತ ಅಂದೆನಲ್ಲ ಅಕ್ಕಾ. ನನಗೆ ಖಂಡಿತ ಇರಲಿಲ್ಲ."

"ಗೊತ್ತು ಬಿಡು. ಫೋನಲ್ಲೇ ನಿನ್ನ ದನಿ ನಡುಗ್ತಾ ಇತ್ತು. ಹೀಗೆ ನಡುಗಿಕೊಂಡೂ ಹೇಳ್ತಿದಾಳಲ್ಲ ಅಂತಾನೇ ನಾನು ಟ್ಯಾಂಕರ್ ಕಳಿಸಿದ್ದು."

ಅಷ್ಟು ಹೇಳಿ ಅಕ್ಕ ಮಂಡಿ ಹಿಡಿದುಕೊಂಡು ಎದ್ದಳು. ಬೀಕರನ್ನು ಎರಡನೇ ತೊಟ್ಟಿಗೆ ಅದ್ದಿ, ಈ ಸಲ ತಾನೇ ಬೆಳಕಿಗೆ ಹಿಡಿದಳು.